ಐಸಿನ ಮಾಸ್ಟ್ರು ಮಿರೋ

ನೆಲ ಒದ್ದೆಯಾಗಿದ್ದರೆ ನಾನು ಇವತ್ತಿಗೂ ನೆಟ್ಟಗೆ ನಡೆಯುವುದಿಲ್ಲ. ಮಂಡಿ ತುಸು ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ, ಪಾದ ಹೊರಕ್ಕೆ ತಿರುಗಿಸಿ ಬಾತುಕೋಳಿಯ ಹಾಗೆ ಹೆಜ್ಜೆ ಹಾಕುತ್ತೇನೆ. ಮೊನ್ನೆ ನೆಂಟರ ಮದುವೆಯಲ್ಲಿ ಊಟ ಮುಗಿಸಿ ಕೈ ತೊಳೆಯುವ ಕಡೆಗೆ ಹೀಗೆಯೇ ಹೊರಟಿದ್ದೆ. ಹಿಂದಿದ್ದ ಹಿರಿಯರೊಬ್ಬರು ಕನಿಕರದಿಂದ ನನ್ನ ರಟ್ಟೆ ಹಿಡಿದು, "ಗಂಟುನೋವಾ? ಏನು ಮಾಡ್ತಿದ್ದೀರಿ ಅದಕ್ಕೆ?" ಎಂದು ಕೇಳಿದರು. "ನೋವಲ್ಲ, ಐಸ್ ಹಾಕಿ" ಎಂದೆ. ಅವರು ಅದನ್ನು ಚಿಕಿತ್ಸೆ ಎಂದುಕೊಂಡು, "ಹೌದು, ಐಸ್ ಹಾಕಿದ್ರೆ ಊತ ಇಳೀತದೆ" ಎಂದು ತಲೆಯಾಡಿಸಿ ಪಾಯಸದ ಕೈ ತೊಳೆಯಲು ಹೋದರು.

ಈ ನಡಿಗೆ ನನಗೆ ಕಲಿಸಿದವರು ಮಿರೋ. ಕಲಿಸಿದ್ದು ಅಬುಧಾಬಿಯಲ್ಲಿ. ತೊಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ಆಗ ನಾನು ಅಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆ ದೂರದ ರುವೈಸಿನ ತೈಲ ರಿಫೈನರಿಯೊಂದರಲ್ಲಿ ಮೀಟರು, ವಾಲ್ವುಗಳನ್ನು ನೋಡಿಕೊಳ್ಳುವ ವಿಭಾಗದ ಸೂಪರ್‌ವೈಸರ್. ವಾರವಿಡೀ ಅಲ್ಲಿಯೇ ಕಂಪೆನಿ ಕೊಟ್ಟ ಕೋಣೆಯಲ್ಲಿ ವಾಸ. ಹೆಂಡತಿ ವೀಣಾ, ಮಗಳು ಅನು ಇಬ್ಬರೂ ಶಾಲೆಯ ಕಾರಣಕ್ಕೆ ಅಬುಧಾಬಿಯಲ್ಲಿ, ಹಮ್ದಾನ್ ಸ್ಟ್ರೀಟಿನ ಫ್ಲ್ಯಾಟಿನಲ್ಲಿ. ಅಲ್ಲಿ ಆಗ ವಾರದ ರಜೆ ಗುರುವಾರ, ಶುಕ್ರವಾರ. ಬುಧವಾರ ಸಂಜೆ ಕಂಪೆನಿಯ ಬಸ್ಸು ನನ್ನನ್ನು ತಂದು ಇಳಿಸುತ್ತಿತ್ತು. ಶುಕ್ರವಾರ ಸಂಜೆ ಐದಕ್ಕೆ ಬಂದು ಮತ್ತೆ ಹತ್ತಿಸಿಕೊಳ್ಳುತ್ತಿತ್ತು. ಮಗಳ ಮಟ್ಟಿಗೆ ನಾನು ವಾರಕ್ಕೊಮ್ಮೆ ಬರುವ ನೆಂಟ. ಚಾಕೊಲೇಟು ತರುವ, ಕೇಳಬಾರದ ಹೊತ್ತಿನಲ್ಲಿ ಹೋಮ್‌ವರ್ಕಿನ ಬಗ್ಗೆ ಕೇಳುವ ನೆಂಟ. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಎರಡರ ನಡುವೆ ವೀಣಾ ನಿಂತು ಒಗ್ಗರಣೆ ಹಾಕುತ್ತಿದ್ದಳು.

ಅನುವಿಗೆ ಹತ್ತು ವರ್ಷವಾಗಿದ್ದಾಗ ಅವಳ ಸಹಪಾಠಿಯೊಬ್ಬಳ ಹುಟ್ಟುಹಬ್ಬ ಐಸ್ ರಿಂಕಿನಲ್ಲಿ, ಎಂದರೆ ಮಂಜುಗಡ್ಡೆಯ ನೆಲದ ಮೇಲೆ ಜಾರಿ ಆಡುವ ಒಳಾಂಗಣದಲ್ಲಿ, ನಡೆಯಿತು. ಹೊರಗೆ ಕಾರಿನ ಸ್ಟೀರಿಂಗ್ ಮುಟ್ಟಲು ಕೈಗೆ ಕರವಸ್ತ್ರ ಸುತ್ತಿಕೊಳ್ಳಬೇಕಾದ ಬಿಸಿಲು. ಒಳಗೆ ಬಾಯಿ ತೆರೆದರೆ ಹೊಗೆ. ಅಬುಧಾಬಿಯಲ್ಲಿ ಬೆಚ್ಚನೆಯ ಉಡುಪು ನಮ್ಮ ಬಳಿ ಎಲ್ಲಿಂದ ಬರಬೇಕು? ಮದುವೆಯಾದ ಹೊಸತರಲ್ಲಿ ಊಟಿಗೆಂದು ಕೊಂಡಿದ್ದ ಮಂಕಿ ಕ್ಯಾಪ್ ಹಾಕಿಕೊಂಡು ನಾನು ಗ್ಯಾಲರಿಯಲ್ಲಿ ಕುಳಿತೆ. ಅರಬ್ ಮಕ್ಕಳಿಬ್ಬರು ಬಂದು ಎದುರು ನಿಂತು, ನನ್ನನ್ನು ಐದು ನಿಮಿಷ ನೋಡಿ ಹೋದರು.

ಕೇಕು ಮುಗಿಯುವ ಹೊತ್ತಿಗೆ ಹಾಕಿ ತಂಡದ ಮಕ್ಕಳು ಅಭ್ಯಾಸಕ್ಕೆ ಇಳಿದರು. ಅನು ಗಾಜಿಗೆ ಮೂಗು ಒತ್ತಿ ನಿಂತವಳು ಕದಲಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ, "ಐ ವಾಂಟ್ ಟು ಪ್ಲೇ ದ್ಯಾಟ್" ಎಂದಳು. ಭರತನಾಟ್ಯಕ್ಕೆ ಸೇರಿಸುವ ಯೋಚನೆಯಲ್ಲಿದ್ದ ವೀಣಾ ನನ್ನ ಕಡೆ ನೋಡಿದಳು. ನನ್ನ ಆಟೋಟದ ಚರಿತ್ರೆಯೆಂದರೆ ಉಡುಪಿಯ ಶಾಲೆಯಲ್ಲಿ ನಿಂಬೆಹಣ್ಣು ಚಮಚದ ಓಟದಲ್ಲಿ ಬಂದ ಸಮಾಧಾನಕರ ಬಹುಮಾನ, ಒಂದು ಸೋಪು ಡಬ್ಬಿ. ಮಗಳು ಅದಕ್ಕಿಂತ ಮುಂದೆ ಹೋಗಲಿ ಎನಿಸಿತು. ಆಗಲಿ ಎಂದುಬಿಟ್ಟೆ.

ಮಿರೋ ಸ್ಲೋವಾಕಿಯಾದವರು. ಹದಿನೇಳನೆಯ ವಯಸ್ಸಿನಿಂದ ಮೂವತ್ತಮೂರರ ತನಕ ಐಸ್ ಹಾಕಿಯನ್ನೇ ವೃತ್ತಿಯಾಗಿ ಆಡಿದವರು. ಆಡಲು ಶುರುಮಾಡಿದಾಗ ಅವರ ದೇಶ ಒಂದಾಗಿತ್ತು, ನಿಲ್ಲಿಸುವಾಗ ಎರಡಾಗಿತ್ತು. ನಾನು ಅವರನ್ನು ಕಂಡಾಗ ನಲವತ್ತರ ಹತ್ತಿರ. ಮೂಗು ಎಡಕ್ಕೆ ವಾಲಿತ್ತು. ಮುಂದಿನ ನಾಲ್ಕು ಹಲ್ಲು ಕಟ್ಟಿಸಿದ್ದು. ಐಸಿಗೆ ಇಳಿಯುವ ಮೊದಲು ಅವನ್ನು ತೆಗೆದು ಒಂದು ಪುಟ್ಟ ಡಬ್ಬಿಗೆ ಹಾಕಿ ಜೇಬಿನಲ್ಲಿಡುತ್ತಿದ್ದರು. ನೆಲದ ಮೇಲೆ ನಡೆದರೆ ಬಲಗಾಲು ಸ್ಪಷ್ಟವಾಗಿ ಕುಂಟು. ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಲೇಬೇಕು. ಅದೇ ಮನುಷ್ಯ ಐಸಿನ ಮೇಲೆ ಕಾಲಿಟ್ಟರೆ ಕುಂಟು ಎಲ್ಲಿ ಹೋಯಿತೆಂದೇ ತಿಳಿಯುತ್ತಿರಲಿಲ್ಲ. ಒಂದು ಸಲ ಕಾಲು ಒತ್ತಿದರೆ ರಿಂಕಿನ ಅರ್ಧ ದೂರ. ತಿರುಗುವುದು, ನಿಲ್ಲುವುದು, ಹಿಂದಕ್ಕೆ ಜಾರುವುದು ಎಲ್ಲವೂ ನೀರಿನಲ್ಲಿ ಮೀನು ಮಗ್ಗುಲು ಬದಲಿಸಿದಷ್ಟು ಸಲೀಸು. ರುವೈಸಿನಲ್ಲಿ ವಾರವಿಡೀ ಕೊಳವೆ, ಮೀಟರು ನೋಡಿ ನೋಡಿ ಒಣಗಿದ ನನ್ನ ಕಣ್ಣಿಗೆ ಶುಕ್ರವಾರ ಬೆಳಿಗ್ಗೆ ಅದೊಂದೇ ತಂಪು.

ಮೊದಮೊದಲು ಮನೆಯಲ್ಲಿ ನಾನು "ಆ ಕೋಚು ಬಂದಿದ್ದಾನಾ, ಅವನು ಏನಂದ" ಎಂದೇ ಮಾತಾಡುತ್ತಿದ್ದೆ. ಪರದೇಶದವರಿಗೆ ಬಹುವಚನ ಬೇಕಿಲ್ಲ ಎಂಬ ಉದಾಸೀನ ನಮ್ಮಲ್ಲಿ ಹಲವರಿಗಿದೆ. ವೀಣಾ ಒಂದು ದಿನ ತೆಂಗಿನಕಾಯಿ ತುರಿಯುತ್ತ, "ಮಗಳಿಗೆ ಕಲಿಸುವವರು. ಅವರು ಅನ್ನಿ" ಎಂದಳು. ಅಂದಿನಿಂದ ಅವರು ನಮ್ಮ ಮನೆಯಲ್ಲಿ ಐಸಿನ ಮಾಸ್ಟ್ರು.

ಅವರು ಎಲ್ಲಕ್ಕಿಂತ ಮೊದಲು ಕಲಿಸುತ್ತಿದ್ದದ್ದು ಬೀಳುವುದನ್ನು. ಮೊದಲ ಎರಡು ವಾರ ಮಕ್ಕಳು ಬರೀ ಬಿದ್ದರು. ಕೂಗಾಟವಿಲ್ಲ, ಬೈಗುಳವಿಲ್ಲ. ಯಾರದಾದರೂ ಬೂಟಿನ ಲೇಸು ಸಡಿಲವಾಗಿದ್ದರೆ ಆ ನೋಯುವ ಮಂಡಿಯನ್ನೇ ಊರಿ ಕುಳಿತು ತಾವೇ ಬಿಗಿಯುತ್ತಿದ್ದರು. ಗುರುವಾರ ಅಪ್ಪಂದಿರಿಗೂ ಒಂದು ತರಗತಿ ಇತ್ತು. ಅನು ಹಟ ಹಿಡಿದಳೆಂದು ನಲವತ್ತೊಂದನೆಯ ವಯಸ್ಸಿನಲ್ಲಿ ನಾನೂ ಇಳಿದೆ. ನಾನು ಬಿದ್ದ ರೀತಿಗಳನ್ನು ವಿವರಿಸಿ ನಿಮ್ಮನ್ನು ದಣಿಸುವುದಿಲ್ಲ. ಒಂದು ಸಲ ಬಿದ್ದು ಜಾರುತ್ತ ಹೋಗಿ ಗೋಲಿನ ಬಲೆಯೊಳಗೆ ಸೇರಿಕೊಂಡಾಗ ಮಿರೋ ಬಂದು ಗಂಭೀರವಾಗಿ, "ಪಾಪಾ ಅನು, ಗೋಲು" ಎಂದರು. ಅವರು ಎಲ್ಲ ತಂದೆಯರನ್ನೂ ಮಕ್ಕಳ ಹೆಸರಿನಿಂದಲೇ ಕರೆಯುತ್ತಿದ್ದರು. ನನ್ನ ಹೆಸರು ಅವರಿಗೆ ಕೊನೆಯವರೆಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಅನು ಓಟದಲ್ಲಿ ಹಿಂದೆ. ಮೊದಲಿನಿಂದಲೂ ಅವಳು ನಿಧಾನದ ಮಗು. ಒಂದು ಇಡ್ಲಿಗೆ ಮುಕ್ಕಾಲು ಗಂಟೆ. ಅದು ನಮ್ಮ ಮನೆಯ ನಿತ್ಯದ ಜಗಳ. ಆದರೆ ಮಿರೋ ಮೂರನೆಯ ವಾರವೇ ಅವಳನ್ನು ಗೋಲಿನ ಮುಂದೆ ನಿಲ್ಲಿಸಿದರು. ಯಾಕೆಂದು ಕೇಳಿದೆ. "ಉಳಿದವರು ಪಕ್ ಹಿಂದೆ ಓಡುತ್ತಾರೆ. ಇವಳು ನೋಡುತ್ತಾಳೆ" ಎಂದರು. ಪಕ್ ಎಂದರೆ ಈ ಆಟದ ಚೆಂಡು. ಉದ್ದಿನ ವಡೆಯಷ್ಟೇ ಅಗಲದ, ತೂತಿಲ್ಲದ, ಕಲ್ಲಿನಂತೆ ಗಟ್ಟಿಯಾದ ಕಪ್ಪು ರಬ್ಬರಿನ ಬಿಲ್ಲೆ. ನಾವು ಹತ್ತು ವರ್ಷ ದೋಷವೆಂದು ಬೈದದ್ದನ್ನು ಆ ಮನುಷ್ಯ ಮೂರು ವಾರದಲ್ಲಿ ಗುಣವೆಂದು ಗುರುತಿಸಿದ್ದರು. ಆ ದಿನದಿಂದ ಇಡ್ಲಿಯ ವಿಷಯದಲ್ಲಿ ನಾನು ಬಾಯಿ ಮುಚ್ಚಿಕೊಂಡೆ.

ತಂಡದಲ್ಲಿ ಅವಳೊಬ್ಬಳೇ ಹುಡುಗಿ. ಉಳಿದವರು ಕೆನಡಾ, ರಷ್ಯಾದ ಮಕ್ಕಳು, ಒಂದಷ್ಟು ಊರಿನ ಅರಬ್ ಮಕ್ಕಳು. ಎಲ್ಲರಿಗಿಂತ ಚುರುಕಿನವನು ಸುಲ್ತಾನ್ ಎಂಬ ಹನ್ನೆರಡು ವರ್ಷದ ಎಮಿರಾತಿ ಹುಡುಗ. ಎರಡನೆಯ ವರ್ಷದ ಚಳಿಗಾಲದಲ್ಲಿ, ಒಂದು ಶುಕ್ರವಾರ, ಅವನು ಹೊಡೆದ ಪಕ್ ಅನುವಿನ ಮುಖದ ಜಾಲರಿಯ ಕೆಳಗೆ ನುಗ್ಗಿ ಕೊರಳಿನ ಬುಡದ ಮೂಳೆಗೆ ಬಡಿಯಿತು. ಅವಳು ತೊಟ್ಟಿದ್ದ ಕವಚ ಊರಿಗೆ ಮರಳಿದ ಯಾವುದೋ ಕೆನಡಾದ ಹುಡುಗ ಬಿಟ್ಟುಹೋದದ್ದು. ಎರಡು ಅಳತೆ ದೊಡ್ಡದು. ಕತ್ತಿನ ಬಳಿ ಸಂದು ಇತ್ತು.

ಮೂಳೆ ಬಿರುಕು ಬಿಟ್ಟಿರಲಿಲ್ಲ. ನೀಲಿಗಟ್ಟಿತ್ತು ಅಷ್ಟೆ. ಕ್ಲಿನಿಕ್ಕಿಗೆ ನಮ್ಮ ಹಿಂದೆಯೇ ಮಿರೋ ಕುಂಟುತ್ತ ಬಂದರು. ಹಲ್ಲು ಹಾಕಿಕೊಳ್ಳುವುದನ್ನೂ ಮರೆತಿದ್ದರು. ವೀಣಾಳ ಎದುರು ನಿಂತು, "ತಪ್ಪು ನನ್ನದು. ಕವಚ ದೊಡ್ಡದೆಂದು ನೋಡಿದ್ದೆ. ಮುಂದಿನ ವಾರ ಸರಿಮಾಡುವ ಎಂದುಕೊಂಡೆ" ಎಂದರು. ನಾವು ಪರವಾಗಿಲ್ಲ ಎಂದರೂ ಅವರು ಪರವಾಗಿಲ್ಲ ಎಂದುಕೊಳ್ಳಲಿಲ್ಲ. ಮರುದಿನವೇ ಆ ಕವಚವನ್ನು ಬಿಚ್ಚಿ, ಕತ್ತರಿಸಿ, ದಪ್ಪ ಸ್ಪಂಜು ಇಟ್ಟು ತಾವೇ ಹೊಲಿದರು. ಆ ಹೊಲಿಗೆ ನೋಡಿ ವೀಣಾ, "ನನ್ನದಕ್ಕಿಂತ ಚೆನ್ನಾಗುಂಟು" ಎಂದಳು. ಸುಲ್ತಾನ್ ತನ್ನ ತಂದೆಯ ಜೊತೆ ಒಂದು ದೊಡ್ಡ ಡಬ್ಬಿ ಖರ್ಜೂರ ಹಿಡಿದು ಮನೆಗೆ ಬಂದು, ಅರ್ಧ ಗಂಟೆ ನೆಲ ನೋಡುತ್ತ ಕುಳಿತು ಹೋದ.

ನೀಲಿ ಹದಿನೈದು ದಿನದಲ್ಲಿ ಮಾಯಿತು. ಅನು ಮತ್ತೆ ಗೋಲಿನ ಮುಂದೆ ನಿಂತಳು. ಎಲ್ಲವೂ ಸರಿಹೋಯಿತೆಂದು ನಾವೆಲ್ಲ ತಿಳಿದೆವು. ಆದರೆ ಗ್ಯಾಲರಿಯಿಂದ ನೋಡುತ್ತಿದ್ದ ನನಗೂ ಕಾಣುವಂತೆ ಅವಳು ಪಕ್ ಬರುವಾಗ ಮುಖ ಪಕ್ಕಕ್ಕೆ ತಿರುಗಿಸತೊಡಗಿದ್ದಳು. ಮೊದಲು ತಡೆಯುತ್ತಿದ್ದ ಸುಲಭದ ಹೊಡೆತಗಳೂ ಒಳಗೆ ಹೋಗುತ್ತಿದ್ದವು. ಮೂರು ವಾರದಲ್ಲಿ ದುಬೈ ತಂಡದ ಜೊತೆ ಪಂದ್ಯ. ಗೋಲು ಕಾಯುತ್ತಿದ್ದ ಇನ್ನೊಬ್ಬ ಹುಡುಗನ ತಂದೆಯ ವೀಸಾ ರದ್ದಾಗಿ ಅವರು ಊರು ಬಿಟ್ಟಿದ್ದರು. ಅವಳ ಬದಲಿಗೆ ನಿಲ್ಲುವವರು ಯಾರೂ ಇರಲಿಲ್ಲ.

ಆ ಶುಕ್ರವಾರ ಮನೆಗೆ ಹೋಗುವಾಗ ಕಾರಿನಲ್ಲಿ ನಾನು ನಮ್ಮ ಹಿರಿಯರೆಲ್ಲ ಹೇಳುವ ಮಾತನ್ನೇ ಹೇಳಿದೆ. "ಹೆದರ್‍ಲಿಕ್ಕೆ ಎಂತ ಉಂಟು ಮಗಾ? ಅದೆಲ್ಲ ಮನಸ್ಸಿನಲ್ಲಿ ಇರುದು. ಧೈರ್ಯ ಬೇಕು."

ಅವಳು ಕಿಟಕಿಯ ಕಡೆ ತಿರುಗಿ ಹೇಳಿದಳು. "ಐ ಆ್ಯಮ್ ನಾಟ್ ಸ್ಕೇರ್ಡ್. ಆ್ಯಂಡ್ ಯೂ ಆರ್ ನೆವರ್ ಹಿಯರ್, ಪಪ್ಪಾ. ಯೂ ಡೋಂಟ್ ನೋ."

ಹಮ್ದಾನ್ ಸ್ಟ್ರೀಟಿನಲ್ಲಿ ಪಾರ್ಕಿಂಗ್ ಸಿಗಲು ಮೂರು ಸುತ್ತು ಹಾಕಬೇಕಾಯಿತು.

ಮುಂದಿನ ಶುಕ್ರವಾರ ಅಭ್ಯಾಸ ಮುಗಿದ ಮೇಲೆ ಮಿರೋ ಅನುವನ್ನೂ ನನ್ನನ್ನೂ ಆಟಗಾರರ ಬೆಂಚಿನ ಮೇಲೆ ಕೂರಿಸಿದರು. ಉಳಿದ ಮಕ್ಕಳು ಬಟ್ಟೆ ಬದಲಾಯಿಸಲು ಹೋಗಿದ್ದರು. ಐಸನ್ನು ನುಣುಪು ಮಾಡುವ ಗಾಡಿ ನಿಧಾನವಾಗಿ ಸುತ್ತುತ್ತಿತ್ತು. ಮಿರೋ ಡಬ್ಬಿಯಿಂದ ಹಲ್ಲು ತೆಗೆದು ಹಾಕಿಕೊಂಡರು. ಅವರ ಇಂಗ್ಲಿಷಿನಲ್ಲಿ ವ್ಯಾಕರಣ ಕಡಿಮೆ. ಅವರು ಅಂದು ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ನನ್ನ ಆಟ ಯಾಕೆ ಮುಗಿಯಿತು ಗೊತ್ತಾ?" ಎಂದು ಅನುವನ್ನು ಕೇಳಿದರು.

"ನೀ," ಎಂದಳು ಅನು. ಮಂಡಿ. ಅದು ರಿಂಕಿನಲ್ಲಿ ಎಲ್ಲರಿಗೂ ಗೊತ್ತಿದ್ದ ಕತೆ.

"ಎಲ್ಲರೂ ಹಾಗೇ ಹೇಳುತ್ತಾರೆ. ಪೇಪರಿನಲ್ಲೂ ಹಾಗೇ ಬರೆದರು. ಮಂಡಿ ಮುರಿದದ್ದು ನಿಜ. ರಿಂಕಿನ ಮೂಲೆಯಲ್ಲಿ ಇಬ್ಬರು ಬಂದು ನನ್ನನ್ನು ಗೋಡೆಗೆ ಒತ್ತಿದರು. ಆರು ತಿಂಗಳು ಮಲಗಿದೆ. ಆಮೇಲೆ ಸರಿಯಾಯಿತು. ಈ ಕುಂಟು ಆಗ ಇರಲಿಲ್ಲ, ಇದು ವಯಸ್ಸಿನದು. ವಾಪಸು ಬಂದ ಮೊದಲ ಪಂದ್ಯದಲ್ಲಿ ಪಕ್ ಅದೇ ಥರದ ಮೂಲೆಗೆ ಹೋಯಿತು. ಅದನ್ನು ತರಬೇಕಾದವನು ನಾನು. ನಾನು ಒಂದು ಸೆಕೆಂಡ್ ತಡಮಾಡಿದೆ. ಬೇಕೆಂದೇ. ಯಾರಿಗೂ ಗೊತ್ತಾಗಲಿಲ್ಲ. ನನ್ನ ಜೊತೆ ಆಡುತ್ತಿದ್ದ ದುಶಾನ್, ನನ್ನ ಗೆಳೆಯ, ಒಂಬತ್ತು ವರ್ಷ ನನ್ನ ಪಕ್ಕದಲ್ಲಿ ಆಡಿದವನು, ನಾನು ಹೋಗಲಿಲ್ಲ ಎಂದು ಅವನು ಹೋದ."

ಗಾಡಿ ನಮ್ಮ ಮುಂದಿನಿಂದ ಹಾದುಹೋಯಿತು.

"ಅವನ ಭುಜ ಹೋಯಿತು. ಮತ್ತೆ ಆಡಲಿಲ್ಲ. ನಾನು ಇನ್ನೂ ಎರಡು ವರ್ಷ ಆಡಿದೆ. ಪ್ರತಿ ಸಲ ಒಂದು ಸೆಕೆಂಡ್ ತಡ. ಕೋಚು ಮಂಡಿ ಎಂದ, ಡಾಕ್ಟರು ಮಂಡಿ ಎಂದ, ನನ್ನ ತಾಯಿ ಮಂಡಿ ಎಂದಳು. ಎಲ್ಲರೂ ಒಳ್ಳೆಯವರು. ಯಾರೂ 'ಮಿರೋ, ನಿನಗೆ ಹೆದರಿಕೆಯಾ' ಎಂದು ಕೇಳಲಿಲ್ಲ. ಕೇಳಿದ್ದರೆ ಹೌದು ಎನ್ನುತ್ತಿದ್ದೆ. ಹೌದು ಎಂದಿದ್ದರೆ ಏನಾದರೂ ಮಾಡಬಹುದಿತ್ತು. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಅನು, ನಿನಗೆ ಹೆದರಿಕೆಯಾ?"

ಅನು ಬಹಳ ಹೊತ್ತು ತನ್ನ ಕೈಗವಸು ನೋಡಿದಳು. ಕೊನೆಗೆ, "ಯೆಸ್," ಎಂದಳು.

"ಎಲ್ಲಿ?"

ಅವಳು ಕೊರಳಿನ ಬುಡ ಮುಟ್ಟಿ ತೋರಿಸಿದಳು.

"ಗುಡ್," ಎಂದರು ಮಿರೋ. "ಈಗ ಕೆಲಸ ಮಾಡಬಹುದು."

ನಾನು ಆ ಬೆಂಚಿನ ತುದಿಯಲ್ಲಿ ಕುಳಿತು ನನ್ನ ಬೂಟು ನೋಡುತ್ತಿದ್ದೆ. ಒಬ್ಬ ಮನುಷ್ಯ ಹನ್ನೊಂದು ವರ್ಷದ ಹುಡುಗಿಯ ಸಲುವಾಗಿ, ಅವಳ ಅಪ್ಪನ ಎದುರಿಗೇ, ತನ್ನ ಮರ್ಯಾದೆಯನ್ನು ಬಿಚ್ಚಿ ಇಟ್ಟಿದ್ದ. ಕಾರಿನಲ್ಲಿ ನಾನು ಹೇಳಿದ ಧೈರ್ಯದ ಮಾತು ನೆನಪಾಗಿ ಕಿವಿ ಬಿಸಿಯಾಯಿತು.

ಅವರ ಚಿಕಿತ್ಸೆ ವಿಚಿತ್ರವಾಗಿತ್ತು. ಮೊದಲು ಟೆನಿಸ್ ಚೆಂಡು, ಅದೂ ಕೈಯಿಂದ ಮೆಲ್ಲಗೆ ಎಸೆಯುವುದು. ಹೆದರಿಕೆಯಾದಾಗಲೆಲ್ಲ ಅವಳು ಜೋರಾಗಿ ಹೇಳಬೇಕು, ಹೇಳಿ ತಡೆಯಬೇಕು. "ನಿಮ್ಮ ಭಾಷೆಯಲ್ಲಿ ಅದಕ್ಕೆ ಏನು?" ಎಂದು ಕೇಳಿದರು. ಅನು ನನ್ನ ಮುಖ ನೋಡಿದಳು. "ಹೆದರಿಕೆ," ಎಂದೆ. "ಎದ್ರಿಕೆ," ಎಂದರು ಮಿರೋ. "ಒಳ್ಳೆಯ ಶಬ್ದ. ಅದನ್ನೇ ಕೂಗು."

ಅಂದಿನಿಂದ ಆ ರಿಂಕಿನಲ್ಲಿ ಕನ್ನಡ ಮೊಳಗಿತು. ಚೆಂಡು ಬರುವುದು, "ಹೆದರಿಕೆ" ಎಂದು ಕೂಗುವುದು, ತಡೆಯುವುದು. ಒಂದೇ ವಾರದಲ್ಲಿ ರಷ್ಯಾದ ಹುಡುಗರು, ಸುಲ್ತಾನ್, ಎಲ್ಲರೂ ಜೊತೆಗೆ "ಎದ್ರಿಕೆ" ಎಂದು ಕೂಗತೊಡಗಿದರು. ಅದರ ಅರ್ಥ ಅವರಿಗೆ ಬೇಕಾಗಿರಲಿಲ್ಲ.

ನಾನು ಜೀವನದಲ್ಲಿ ಮೊದಲ ಸಲ ರುವೈಸಿನಲ್ಲಿ ಮೇಲಧಿಕಾರಿಯ ಬಳಿ ಹೋಗಿ ಒಂದು ವಾರ ರಜೆ ಕೇಳಿದೆ. ಕಾರಣವೇನೆಂದರು. ಮಗಳಿಗೆ ಚೆಂಡು ಎಸೆಯಬೇಕು ಎಂದೆ. ಅವರು ಸ್ಕಾಟ್ಲೆಂಡಿನವರು. ನನ್ನನ್ನೊಮ್ಮೆ ನೋಡಿ ಸಹಿ ಹಾಕಿದರು. ಆ ವಾರವೆಲ್ಲ ಶಾಲೆ ಬಿಟ್ಟ ಮೇಲೆ ನಮ್ಮ ಕಟ್ಟಡದ ಉದ್ದದ ಕಾರಿಡಾರಿನಲ್ಲಿ ಅನು ದಿಂಬು ಕಟ್ಟಿಕೊಂಡು ಒಂದು ತುದಿಯಲ್ಲಿ ನಿಲ್ಲುತ್ತಿದ್ದಳು. ನಾನು ಇನ್ನೊಂದು ತುದಿಯಿಂದ ಎಸೆಯುತ್ತಿದ್ದೆ. ಮೂರನೆಯ ದಿನ ಕಟ್ಟಡದ ನಾತೂರ್, ಎಂದರೆ ಕಾವಲುಗಾರ, ಮೇಲೆ ಬಂದ. ವಯಸ್ಸಾದ ಪಠಾಣ. "ಸಾಬ್, ಬಚ್ಚೀ ಕೋ ಕ್ಯೋಂ ಮಾರ್ತಾ ಹೈ?" ಎಂದು ಕೇಳಿದ. ಅನು ಅವನಿಗೆ ಶಾಲೆಯ ಹಿಂದಿಯಲ್ಲಿ ಎಲ್ಲ ವಿವರಿಸಿದಳು. ಅವನು ಸ್ವಲ್ಪ ಯೋಚಿಸಿ, ನನ್ನ ಕೈಯಿಂದ ಚೆಂಡು ತೆಗೆದುಕೊಂಡು, "ಐಸಾ ನಹೀಂ" ಎಂದು ಹೇಳಿ ತಾನೇ ಎಸೆದ. ನನ್ನ ಎಸೆತ ಅವನಿಗೆ ಹಿಡಿಸಿರಲಿಲ್ಲ.

ಪಂದ್ಯದ ದಿನ ದುಬೈಗೆ ಹೊರಟೆವು. ವೇಗ ನೂರ ಇಪ್ಪತ್ತು ದಾಟಿದರೆ ಟಿಂಗ್ ಟಿಂಗ್ ಎನ್ನುವ ಕಾರಿನಲ್ಲಿ ಮಗಳು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು. ಕರಾಮದ ಹತ್ತಿರದ ಆ ರಿಂಕಿನಲ್ಲಿ ನೋಡಲು ಐವತ್ತು ಅರವತ್ತು ಜನ. ದುಬೈ ಮಕ್ಕಳು ನಮ್ಮವರಿಗಿಂತ ಒಂದು ಗೇಣು ಎತ್ತರ.

ಮೊದಲ ಅವಧಿಯಲ್ಲೇ ನಾಲ್ಕು ಗೋಲು ಒಳಗೆ ಹೋದವು. ಎರಡಕ್ಕೆ ಅವಳು ಮುಖ ತಿರುಗಿಸಿದ್ದನ್ನು ನಾನು ಕಂಡೆ. ವೀಣಾ ನನ್ನ ಕೈ ಹಿಡಿದುಕೊಂಡಿದ್ದಳು. ವಿರಾಮದಲ್ಲಿ ಮಿರೋ ಅವಳ ಮುಂದೆ ಮಂಡಿಯೂರಿ ಕುಳಿತು ಏನೋ ಒಂದೇ ಮಾತು ಹೇಳಿದರು. ಆಮೇಲೆ ಎರಡನೆಯ ಅವಧಿ ಶುರುವಾಗುತ್ತಲೇ ಗೋಲಿನಿಂದ ಒಂದು ಗಟ್ಟಿ ಧ್ವನಿ ಬಂತು. "ಹೆದರಿಕೆ." ಪಕ್ ಅವಳ ಕಾಲಿನ ಕವಚಕ್ಕೆ ಬಡಿದು ಹೊರಗೆ ಹೋಯಿತು. ನಮ್ಮ ಬೆಂಚಿನ ಮಕ್ಕಳೆಲ್ಲ ಗೋಡೆಗೆ ಸ್ಟಿಕ್ಕು ಬಡಿದು, "ಎದ್ರಿಕೆ, ಎದ್ರಿಕೆ" ಎಂದು ಶುರುಮಾಡಿದರು. ನನ್ನ ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬರು ಮೆಲ್ಲಗೆ ಹಿಂದಕ್ಕೆ ತಿರುಗಿ, "ಸಾರ್, ಇವರು ಕನ್ನಡದಲ್ಲಿ ಕೂಗ್ತಾ ಇದ್ದಾರಾ, ಇಲ್ಲಾ ನನಗೆ ಹಾಗೆ ಕೇಳಿಸ್ತಾ ಇದೆಯಾ?" ಎಂದರು. ಮೈಸೂರಿನವರಂತೆ. ಕಂಪ್ಯೂಟರ್ ಕೆಲಸ. ಸ್ನೇಹಿತನ ಮಗನ ಆಟ ನೋಡಲು ಬಂದವರು. ಕನ್ನಡವೇ ಎಂದು ತಿಳಿದ ಮೇಲೆ ಕೊನೆಯವರೆಗೂ ಅವರು ನಮ್ಮ ಕಡೆ ಕೂಗಿದರು. ಸ್ನೇಹಿತ ಏನೆಂದುಕೊಂಡನೋ.

ನಾವು ಏಳು ಮೂರರಿಂದ ಸೋತೆವು. ಆದರೆ ಕೊನೆಯ ಅವಧಿಯಲ್ಲಿ ಅವಳು ಒಂದು ಸಲವೂ ಮುಖ ತಿರುಗಿಸಲಿಲ್ಲ. ಒಂದು ಹೊಡೆತ ನೇರ ಕತ್ತಿನ ಎತ್ತರಕ್ಕೆ ಬಂತು. ಅವಳು ಅದನ್ನು ನೋಡುತ್ತಲೇ ನಿಂತು, ಇಡ್ಲಿಯ ತಟ್ಟೆ ಎತ್ತುವಷ್ಟು ಸಾವಧಾನದಲ್ಲಿ ಕೈ ಎತ್ತಿ ಹಿಡಿದಳು.

ಹೊರಗೆ ಬಂದಾಗ ಮಿರೋ ಅವಳನ್ನು ಹೊಗಳಲಿಲ್ಲ. "ಎದ್ರಿಕೆ ಎಷ್ಟು ಸಲ?" ಎಂದರು. "ಇಲೆವನ್," ಎಂದಳು. "ನಾನು ಒಂಬತ್ತು ಎಣಿಸಿದ್ದೆ," ಎಂದು ಅವರು ಗಂಭೀರವಾಗಿ ತಲೆಯಾಡಿಸಿದರು. ಎರಡು ಸಲ ಅವಳು ಬಾಯಿಬಿಟ್ಟು ಹೇಳದೆಯೇ ನಿಭಾಯಿಸಿದ್ದಳು. ಅದಕ್ಕೆ ಅವರಿಗೆ ಆದ ಸಂತೋಷ ಏಳು ಗೋಲು ತಿಂದ ಸೋಲಿನಲ್ಲಿ ಕರಗಲಿಲ್ಲ. ಇಡೀ ತಂಡವನ್ನು ಕರಾಮದ ಒಂದು ಉಡುಪಿ ಹೋಟೆಲಿಗೆ ಕರೆದುಕೊಂಡು ಹೋದೆವು. ಮಿರೋ ಮೂರು ಮಸಾಲೆ ದೋಸೆ ತಿಂದರು. ಚಟ್ನಿಯನ್ನು ಸೂಪೆಂದು ತಿಳಿದು ಬಟ್ಟಲೆತ್ತಿ ಕುಡಿದರು. ಯಾರೂ ತಿದ್ದಲಿಲ್ಲ.

ಆ ಬೇಸಗೆಗೆ ಅವರ ಕೆಲಸದ ಒಪ್ಪಂದ ಮುಗಿಯುತ್ತಿತ್ತು. ಇನ್ನೆರಡು ವರ್ಷ ಇರಿ ಎಂದು ಎಲ್ಲರೂ ಕೇಳಿಕೊಂಡರು. ಅವರು ಒಪ್ಪಲಿಲ್ಲ. "ಊರಲ್ಲಿ ಒಬ್ಬರನ್ನು ನೋಡುವುದಿದೆ" ಎಂದಷ್ಟೇ ಹೇಳಿದರು. ಒಂಟಿಯಾಗಿ ಇದ್ದ ಮನುಷ್ಯ, ಯಾವಳೋ ಹುಡುಗಿ ಇರಬೇಕು ಎಂದು ವೀಣಾ ಊಹಿಸಿದಳು. ನಾನೂ ಹೌದೆಂದೆ. ಬೆಂಚಿನ ಮೇಲೆ ಅಷ್ಟೆಲ್ಲ ಕೇಳಿಸಿಕೊಂಡ ನನಗೂ ಹೊಳೆಯಲಿಲ್ಲವೆಂದರೆ ನನ್ನ ಬುದ್ಧಿ ಎಷ್ಟೆಂದು ನೀವೇ ತಿಳಿಯಿರಿ.

ಆಗ ನನ್ನ ಅಮ್ಮ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದಿದ್ದಳು. ಮಿರೋ ಅವರ ಕೊನೆಯ ಶುಕ್ರವಾರಕ್ಕೆ ಅವಳನ್ನೂ ಕರೆದುಕೊಂಡು ಹೋದೆವು. ನೂಲಿನ ಸೀರೆಯ ಮೇಲೆ ನನ್ನ ಸ್ವೆಟರು, ತಲೆಗೆ ಆ ಮಂಕಿ ಕ್ಯಾಪು. ಮೊಮ್ಮಗಳ ಮಾಸ್ಟ್ರನ್ನು ಕಂಡು ಕೈಮುಗಿದಳು. ಮಿರೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಐಸಿನ ಮೇಲಿಟ್ಟು, ಅದನ್ನು ಒರೆಸಿ, ಅಮ್ಮನ ಕಡೆ ಕೈ ಚಾಚಿದರು.

"ಎಂತ ಹೇಳ್ತಾರೆ ಇವರು?" ಎಂದಳು ಅಮ್ಮ.

"ಕೂತ್ಕೊಳ್ಳಿಕ್ಕೆ ಹೇಳ್ತಿದ್ದಾರೆ. ಒಂದು ಸುತ್ತು ಹಾಕಿಸ್ತಾರಂತೆ," ಎಂದೆ. "ಬೇಡ ಅಮ್ಮ, ಬಿದ್ರೆ ಕಷ್ಟ."

"ನಿನ್ನ ಹಾಗೆ ಬೀಳ್ಲಿಕ್ಕೆ ನಾನು ನಿಂತ್ಕೊಳ್ಳುದಿಲ್ಲ. ಕೂತ್ಕೊಳ್ಳುದು," ಎಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಕುಳಿತಳು.

ಮಿರೋ ಕುರ್ಚಿಯ ಬೆನ್ನು ಹಿಡಿದು ಮೆಲ್ಲಗೆ ತಳ್ಳಿದರು. ಆಮೇಲೆ ಸ್ವಲ್ಪ ಜೋರಾಗಿ. ಅರ್ಧ ಸುತ್ತು ಮುಗಿಯುವಾಗ ಅಮ್ಮ ಕುರ್ಚಿಯ ಕೈ ಬಿಟ್ಟು ಮಡಿಲಲ್ಲಿ ಕೈ ಇಟ್ಟುಕೊಂಡು, ದೋಣಿಯಲ್ಲಿ ಕುಳಿತವಳ ಹಾಗೆ ಸುತ್ತ ನೋಡುತ್ತಿದ್ದಳು. ಹಿಂದೆ ಮಕ್ಕಳೆಲ್ಲ ಸಾಲಾಗಿ ಬರುತ್ತಿದ್ದರು. ಮಿರೋ ಅವರ ಮುಖದಲ್ಲಿ ಹಲ್ಲಿಲ್ಲದ ದೊಡ್ಡ ನಗು. ಐದು ಸುತ್ತಾದ ಮೇಲೆ ಇಳಿದ ಅಮ್ಮ, "ಒಳ್ಳೆ ಮನುಷ್ಯ. ಕೈ ನಡುಗುದಿಲ್ಲ," ಎಂದಳು. ಅವಳ ನಿಘಂಟಿನಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ.

ಅವರು ಹೋಗಿ ಎರಡು ತಿಂಗಳಿಗೆ ಒಂದು ಪತ್ರ ಬಂತು. ಅಮ್ಮನ ವೀಸಾ ಮುಗಿಯುವ ವಾರ ಅದು. ಅದನ್ನು ಒಡೆದದ್ದು ಶುಕ್ರವಾರ, ಸಂಜೆಯ ಕಾಫಿ ಮುಗಿದ ಹೊತ್ತು. ನನ್ನ ಚೀಲ ಬಾಗಿಲ ಬಳಿ ತಯಾರಾಗಿತ್ತು. ಮಿರೋ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಎರಡು ಹಾಳೆ ಬರೆದಿದ್ದರು. ಅನು ಅದನ್ನು ಒಂದು ಸಲ ತನ್ನಷ್ಟಕ್ಕೆ ಓದಿದಳು.

"ಎಂತ ಬರೆದಿದ್ದಾರೆ ಮಾಸ್ಟ್ರು? ನನಗೂ ಹೇಳು ಮಗಾ," ಎಂದಳು ಅಮ್ಮ.

ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅನು ವೀಣಾಳ ಕಡೆ ನೋಡಿದಳು. ವೀಣಾ ಬೇಕೆಂದೇ ಎದ್ದು ಅಡುಗೆಮನೆಗೆ ಹೋದಳು. ಅನು ಕನ್ನಡದಲ್ಲಿ ಶುರುಮಾಡಿದಳು, ಪ್ರತಿ ಶಬ್ದವನ್ನೂ ಎಲ್ಲಿಂದಲೋ ಹೆಕ್ಕಿ ತರುವವಳಂತೆ.

"ಅವರು... ಊರಿಗೆ ಹೋದ್ರಂತೆ. ದುಶಾನ್ ಅಂತ ಅವರ ಫ್ರೆಂಡ್. ಅವರ ಮನೆಗೆ ಹೋದ್ರಂತೆ. ಬಾಗಿಲಲ್ಲಿ ನಿಂತ್ಕೊಂಡೇ ಹೇಳಿದ್ರಂತೆ, ಆ ದಿನ ನಾನು ಬೇಕಂತ ಲೇಟ್ ಮಾಡಿದ್ದು ಅಂತ. ದುಶಾನ್ ಅವರು ಬಾ, ಒಳಗೆ ಬಾ ಅಂದ್ರಂತೆ. ಅವರಿಗೆ ಗೊತ್ತಿತ್ತಂತೆ ಅಜ್ಜಿ. ಅದೇ ದಿನ ಗೊತ್ತಾಗಿತ್ತಂತೆ. ಇಷ್ಟು ವರ್ಷ ಇವರು ಬಂದು ಹೇಳ್ತಾರೆ ಅಂತ ಕಾಯ್ತಾ ಇದ್ರಂತೆ."

"ಗೊತ್ತಿದ್ದೂ ಸಿಟ್ಟು ಮಾಡ್ಲಿಲ್ವಾ ಅವರು?"

ಅನು ಹಾಳೆ ತಿರುಗಿಸಿದಳು. "ಮಾಡಿದ್ರಂತೆ. ಬರ್‍ಲಿಲ್ಲ ಅಂತ ಸಿಟ್ಟು. ಲೇಟ್ ಮಾಡಿದ್ದಕ್ಕೆ ಅಲ್ಲ." ಸ್ವಲ್ಪ ತಡೆದು ಮುಂದುವರಿಸಿದಳು. "ಈಗ ಇಬ್ರೂ ಸೇರಿ ಸಣ್ಣ ಮಕ್ಕಳಿಗೆ ಕಲಿಸ್ತಾರಂತೆ. ದುಶಾನ್ ಅವರಿಗೆ ಒಂದು ಕೈ ಮೇಲೆ ಹೋಗುದಿಲ್ಲ. ಅದಕ್ಕೆ ಅವರು ಹೇಳುದು, ಮಿರೋ ಮಾಡಿ ತೋರಿಸುದು."

ಅಮ್ಮ ಕಣ್ಣೊರೆಸಿಕೊಂಡಳು. ಕಂಡರೂ ಕಾಣದಂತೆ ನಾನು ಗಡಿಯಾರ ನೋಡಿದೆ. ಐದಕ್ಕೆ ಐದು ನಿಮಿಷ. ಕೆಳಗೆ ಬಸ್ಸು ಒಂದು ಸಲ ಹಾರ್ನ್ ಮಾಡಿತು. ನಾನು ಎದ್ದು ಚೀಲ ಹೆಗಲಿಗೇರಿಸಿದೆ.

"ಪಪ್ಪಾ," ಎಂದಳು ಅನು. ಪತ್ರ ಮಡಚುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ಕನ್ನಡದಲ್ಲೇ ಹೇಳಿದಳು. "ನೀವು ಹೋಗುವಾಗ ನನಗೆ ಬೇಜಾರಾಗ್ತದೆ. ಪ್ರತಿ ಶುಕ್ರವಾರ. ನಾನು ಹೇಳ್ಲಿಲ್ಲ ಅಷ್ಟೆ."

ಬಸ್ಸು ಇನ್ನೊಮ್ಮೆ ಹಾರ್ನ್ ಮಾಡಿತು. ನಾನು ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲಿ ಕುಳಿತೆ. "ನನಗೂ ಮಗಾ," ಎಂದಷ್ಟೇ ಹೇಳಿದೆ. ಅಬುಧಾಬಿಯ ಆಫೀಸಿಗೆ ವರ್ಗ ಕೇಳಿ ಅರ್ಜಿ ಬರೆದದ್ದು ಮರುದಿನ, ಅದು ಸಿಕ್ಕಿದ್ದು ಒಂದು ವರ್ಷದ ಮೇಲೆ. ಆ ಸಂಜೆ ಮಾತ್ರ ಬಸ್ಸು ಮೂರನೆಯ ಸಲ ಹಾರ್ನ್ ಮಾಡಿ, ಸ್ವಲ್ಪ ಕಾದು, ನನ್ನನ್ನು ಬಿಟ್ಟು ರುವೈಸಿಗೆ ಹೋಯಿತು.